ಒಂದೇ ಪ್ಯಾಕೆಟ್ಟಿನ ಬೊಟ್ಟು

ಆ ಹುಡುಗಿ ಒಳಗೆ ಬಂದವಳೇ ನಮ್ಮೆಲ್ಲರನ್ನೂ ನೋಡಿ ನಕ್ಕಳು. ಮೇಡಂ ಅವರಿಗೆ ಒಂದು ನಗು, ನನಗೊಂದು, ನೀರು ತಂದಿಟ್ಟ ಆಯಾಗೊಂದು. ಎಲ್ಲವೂ ಒಂದೇ ಅಳತೆಯವು. ಎದುರಿಗಿರುವವರು ಪರಿಚಯದವರಾಗಿದ್ದರೂ ಸಲ್ಲುತ್ತದೆ, ಅಲ್ಲದಿದ್ದರೂ ನಷ್ಟವಿಲ್ಲ ಅನ್ನುವಂಥ ನಗು. ವಿಚಿತ್ರ ಅನ್ನಿಸಿತು, ಅರ್ಥ ಮಾತ್ರ ಆವತ್ತು ಆಗಲಿಲ್ಲ.

ಮೇಡಂ ಮನಶ್ಶಾಸ್ತ್ರ ಓದಿದವರು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮ ಹಿಂದಿನ ರಸ್ತೆಯಲ್ಲೇ ಸಣ್ಣ ಕ್ಲಿನಿಕ್ ಇಟ್ಟಿದ್ದಾರೆ. ತಿಂಡಿ, ಅಡುಗೆ ಮುಗಿಸಿ ವಾರದಲ್ಲಿ ಕೆಲವು ಬೆಳಿಗ್ಗೆ ನಾನು ಅಲ್ಲಿಗೆ ಹೋಗುತ್ತೇನೆ. ಇಂಗ್ಲಿಷಿನಲ್ಲಿರುವ ಪರೀಕ್ಷೆಗಳನ್ನು ಬಂದವರಿಗೆ ತಿಳಿಯುವ ಕನ್ನಡದಲ್ಲಿ ಓದುವುದು, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವುದು, ಉತ್ತರ ಸರಿಯೋ ತಪ್ಪೋ ಅನ್ನುವುದು ನನ್ನ ಮುಖದಲ್ಲಿ ಕಾಣದ ಹಾಗೆ ಕೂರುವುದು ನನ್ನ ಕೆಲಸ. ಕೊನೆಯದು ಕಷ್ಟ. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವಳ ಹುಬ್ಬು ತಪ್ಪು ಉತ್ತರ ಕೇಳಿದ ಕೂಡಲೇ ತಾನಾಗಿ ಏಳುತ್ತದೆ. ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳಾದ್ದರಿಂದ ಇಂಗ್ಲಿಷ್ ಓದಲು ತೊಂದರೆಯಿಲ್ಲ. ಅದೇ ಕಾರಣಕ್ಕೋ ಏನೋ, ಯಾರಿಗೂ ಎದುರು ಮಾತಾಡಲೂ ಬರುವುದಿಲ್ಲ.

ಹುಡುಗಿಯ ಜೊತೆ ಅವಳ ಅತ್ತೆ ಮತ್ತು ಗಂಡ ಬಂದಿದ್ದರು. ಹರಿಹರದವರು. ಗಂಡನದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಹುಡುಗಿಯ ತವರು ಅಲ್ಲೇ ಹತ್ತಿರದ ಸಾರಥಿ ಅನ್ನುವ ಹಳ್ಳಿ. ಅತ್ತೆಯ ಹಣೆಯಲ್ಲಿ ವಿಭೂತಿ ಅಚ್ಚುಕಟ್ಟಾಗಿತ್ತು, ಸೆರಗಿನ ಮಡಿಕೆ ಇಸ್ತ್ರಿ ಹಾಕಿದ ಹಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು ಅವರೇ ಶುರುಮಾಡಿದರು.

"ಸುತ್ತು ಬಳಸಿ ಹೇಳಾಕೆ ನಂಗೆ ಬರಲ್ರಿ ಮೇಡಮ್ಮಾರೆ. ಹೆತ್ತ ಕೂಸಿನ ಗುರ್ತು ಸಿಗದಿರಾಕಿ ಕೈಗೆ ಕೂಸು ಬಿಡಾದು ಹೆಂಗೆ? ಅದೊಂದು ಹೇಳ್ರಿ ಸಾಕು."

ನಡೆದದ್ದು ಇದು. ಹುಡುಗಿಗೆ ಎಲ್‌ಕೆಜಿ ಓದುವ ಮಗಳಿದ್ದಾಳೆ. ಗೋಕುಲಾಷ್ಟಮಿಯ ದಿನ ಆ ತರಗತಿಯ ಮಕ್ಕಳೆಲ್ಲ, ಗಂಡಾಗಲಿ ಹೆಣ್ಣಾಗಲಿ, ಕೃಷ್ಣನ ವೇಷದಲ್ಲಿ ಬರಬೇಕೆಂದು ಶಾಲೆಯವರು ಹೇಳಿದ್ದರು. ಬೆಳಿಗ್ಗೆ ಮಗಳಿಗೆ ಹಳದಿ ಪಂಚೆ ಉಡಿಸಿ, ಕಿರೀಟ ಕಟ್ಟಿ ಬಿಟ್ಟುಬಂದಿದ್ದಾಳೆ. ಆಮೇಲೆ ಟೀಚರುಗಳು ಎಲ್ಲ ಮಕ್ಕಳ ಮುಖಕ್ಕೂ ನೀಲಿ ಬಣ್ಣ ಬಳಿದಿದ್ದಾರೆ. ಕೊಳಲು ಬಾಯಿಗೆ ಹಿಡಿದುಕೊಂಡೇ ನಿಲ್ಲಬೇಕು, ಮಾತಾಡಬಾರದು ಅಂದಿದ್ದಾರೆ. ಮಧ್ಯಾಹ್ನ ಗೇಟು ತೆರೆದಾಗ ಈ ಹುಡುಗಿ ಒಬ್ಬ ಕೃಷ್ಣನ ಕೈ ಹಿಡಿದು ಆಟೋ ಸ್ಟ್ಯಾಂಡಿನ ಕಡೆ ನಡೆದಿದ್ದಾಳೆ. ಆ ಕೃಷ್ಣ ಬೇರೆಯವರ ಮಗು. ಅದೂ ಗಂಡುಮಗು. ಬಾಯಲ್ಲಿ ಪೆಪ್ಪರಮೆಂಟು ಇದ್ದದ್ದರಿಂದ ಅವನೂ ಸುಮ್ಮನೆ ಹೊರಟಿದ್ದಾನೆ. ಹಿಂದಿನಿಂದ ಅವನ ತಾಯಿ ಕಿರುಚಿಕೊಂಡು ಓಡಿಬಂದಿದ್ದಾಳೆ. ಜನ ಸೇರಿದ್ದಾರೆ. ಯಾರೋ 'ಮಕ್ಕಳ ಕಳ್ಳಿ' ಅಂದಿದ್ದಾರೆ, ಇನ್ಯಾರೋ ಮೊಬೈಲು ಎತ್ತಿ ಹಿಡಿದಿದ್ದಾರೆ. ಹೆಡ್‌ಮಿಸ್ ಬಂದು ನಡುವೆ ನಿಂತದ್ದರಿಂದ ಮೈಮೇಲೆ ಏಟು ಬೀಳಲಿಲ್ಲ. ಅಷ್ಟು ಹೊತ್ತೂ ಇವಳ ಸ್ವಂತ ಮಗಳು ಗೇಟಿನ ಪಕ್ಕ ಕೊಳಲು ಹಿಡಿದುಕೊಂಡು ಅಳುತ್ತಿದ್ದಳಂತೆ.

"ಗಂಡೋ ಹೆಣ್ಣೋ ಅನ್ನಾದೂ ತಿಳೀಲಿಲ್ಲ ಈಕಿಗೆ" ಅಂದರು ಅತ್ತೆ.

"ಮುಖಕ್ಕೆಲ್ಲ ಬಣ್ಣ ಬಳಿದಿದ್ರಲ್ಲವ್ವ" ಅಂದ ಗಂಡ.

"ಆ ಇನ್ನೊಬ್ಬ ತಾಯಿಗೆ ಗುರ್ತು ಸಿಕ್ತಲ್ಲಪ್ಪ?"

ಅವನು ಸ್ಕ್ಯಾನಿನ ಕವರು ತೆಗೆದು ಮೇಜಿನ ಮೇಲಿಟ್ಟ.

ನರರೋಗದ ಡಾಕ್ಟರೊಬ್ಬರು ಸ್ಕ್ಯಾನ್ ಮಾಡಿಸಿ ಏನೂ ತೊಂದರೆ ಇಲ್ಲ ಅಂದಿದ್ದರು. ಅದರಿಂದ ಮನೆಯಲ್ಲಿ ಇನ್ನೂ ಕಷ್ಟವಾಗಿತ್ತು. ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದ ಮೇಲೆ ಇದು ಹುಚ್ಚೋ, ಧಿಮಾಕೋ? ಮದುವೆಯಾದ ಹೊಸದರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಯ ಎದುರೇ ಹಾದುಹೋಗಿದ್ದಳಂತೆ. ಚಿಕ್ಕತ್ತೆಗೆ ಅರಿಶಿನ ಕುಂಕುಮ ಕೊಡದೆ ಪಕ್ಕದವರಿಗೆ ಎರಡು ಸಲ ಕೊಟ್ಟಿದ್ದಳಂತೆ. ಹಳೆಯದೆಲ್ಲ ಈಗ ಒಂದೊಂದಾಗಿ ಹೊರಬರುತ್ತಿತ್ತು. ಮಗುವನ್ನು ಆಗಲೇ ದಾವಣಗೆರೆಯ ದೇವರಾಜ ಅರಸು ಬಡಾವಣೆಗೆ, ನಾದಿನಿಯ ಮನೆಗೆ ಕಳಿಸಿದ್ದರು. ತಲೆ ಸರಿಯಿಲ್ಲವೆಂದು ಮೇಡಂ ಹೇಳಿದರೆ ಹುಡುಗಿ ವಾಸಿಯಾಗುವವರೆಗೂ ಸಾರಥಿಯಲ್ಲಿರುವುದು, ಮಗು ನಾದಿನಿಯ ಹತ್ತಿರವೇ ಬೆಳೆಯುವುದು ಎಂದು ತೀರ್ಮಾನವಾಗಿತ್ತು.

ಹುಡುಗಿ ಸೀರೆಯ ಅಂಚಿನ ಒಂದು ದಾರ ಹಿಡಿದು ಎಳೆಯುತ್ತಲೇ ಇದ್ದಳು.

ಪರೀಕ್ಷೆಗಳು ಶುರುವಾದವು. ಕಣ್ಣು ಚೆನ್ನಾಗಿತ್ತು. ನೆನಪೂ ಚೆನ್ನಾಗಿತ್ತು. ನಾನು ಓದಿದ ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದರಲ್ಲಿ ನನಗಿಂತ ಚುರುಕು. ಕತೆ ಓದಿ ಹೇಳಿದರೆ ಎತ್ತಿನ ಬಣ್ಣ ಸಹಿತ ವಾಪಸ್ಸು ಒಪ್ಪಿಸುತ್ತಿದ್ದಳು. ಅತ್ತೆ, ಗಂಡ ಹೊರಗೆ ಕೂತಿದ್ದಾಗ ಮೇಡಂ ಮೆತ್ತಗೆ ಕೇಳಿದರು. "ಜನರನ್ನ ಹೇಗೆ ಗುರುತು ಹಿಡೀತೀಯ ನೀನು?"

ಅವಳು ನನ್ನ ಕಡೆ ನೋಡಿದಳು. ಆಮೇಲೆ ಬಾಗಿಲ ಕಡೆ.

"ದನಿ ಮೇಲೆ ರೀ. ನಡಿಗಿ ಮೇಲೆ. ಸಾರಥಿಯಾಗೆ ಕಷ್ಟ ಆಗಿರ್ಲಿಲ್ಲ. ಯಾವ ಕಟ್ಟೆ ಮೇಲೆ ಯಾರು ಕೂಡ್ತಾರೆ ಅಂತ ಗೊತ್ತಿರ್ತಿತ್ತು. ಕಟ್ಟೆ ನೋಡಿದ್ರೆ ಸಾಕು, ಮನ್ಷರು ಯಾರಂತ ತಿಳೀತಿತ್ತು. ಎಲ್ರೂ ಹಿಂಗೇ ಗುರ್ತು ಹಿಡೀತಾರೆ ಅನ್ಕಂಡಿದ್ದೆ. ನಾನೇ ದಡ್ಡಿ, ನಿಧಾನ ಅನ್ಕಂಡಿದ್ದೆ."

"ಮಗಳನ್ನ?"

"ರಿಬ್ಬನ್ ನಾನೇ ಕಟ್ತೀನಲ್ರಿ. ಬ್ಯಾರೆ ಯಾರೂ ಕಟ್ಟದ ಬಣ್ಣದ್ದು. ಆವತ್ತು ಕಿರೀಟದ ಒಳಗೆ ಹೋತು."

ಅವರು ಹೋದ ಮೇಲೆ ಮೇಡಂ ನನಗೆ ವಿವರಿಸಿದರು. ಕಣ್ಣು ನೋಡುವುದು ಬೇರೆ, ನೋಡಿದ ಮುಖ ಯಾರದೆಂದು ಮಿದುಳು ಹೇಳುವುದು ಬೇರೆ. ಮಿದುಳಿನ ಹಿಂಬದಿಯಲ್ಲಿ, ಕೆಳಗಡೆ, ಮುಖಗಳಿಗಾಗಿಯೇ ಹೆಚ್ಚು ದುಡಿಯುವ ಜಾಗವಿದೆಯಂತೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಬೇರೆ ರೀತಿ. ಗಾಯವಲ್ಲ, ಗೆಡ್ಡೆಯಲ್ಲ, ಸಾಮಾನ್ಯ ಸ್ಕ್ಯಾನಿನಲ್ಲಿ ಕಾಣುವಂಥದ್ದೂ ಅಲ್ಲ. ಒಂದು ತುದಿಯಲ್ಲಿ ಒಮ್ಮೆ ಕಂಡ ಮುಖವನ್ನು ಎಷ್ಟೋ ವರ್ಷದ ಮೇಲೆ ಸಂತೆಯ ಗದ್ದಲದಲ್ಲೂ ಗುರುತಿಸುವವರು, ಇನ್ನೊಂದು ತುದಿಯಲ್ಲಿ ಇಂಥವರು, ನಡುವೆ ನಾವೆಲ್ಲ. "ಎತ್ತರ, ಕುಳ್ಳು ಇದ್ದ ಹಾಗೆ ಅಂದುಕೊಳ್ಳಿ" ಅಂದರು. "ಮದ್ದಿಲ್ಲ. ಆದರೆ ಹುಚ್ಚೂ ಅಲ್ಲ. ಇದು ಅದೇ ಅಂತ ನಾನು ಊಹಿಸಿದರೆ ಸಾಲದು, ತೋರಿಸಬೇಕು."

ತೋರಿಸುವುದೇ ಕಷ್ಟವಾಯಿತು. ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ ಇತ್ತು. ಕೂದಲು, ಕಿವಿ ಏನೂ ಕಾಣದಂತೆ ಕತ್ತರಿಸಿದ ಮುಖಗಳು. ಒಂದನ್ನು ತೋರಿಸಿ, ಆಮೇಲೆ ಮೂರು ಇಟ್ಟು, ಮೊದಲು ನೋಡಿದ್ದು ಯಾವುದು ಎಂದು ಕೇಳುತ್ತದೆ. ಹುಡುಗಿ ಬಹಳ ತಪ್ಪಿದಳು. ಆದರೆ ಎಲ್ಲ ವಿದೇಶದ ಗಂಡಸರ ಮುಖಗಳು. ಸುಮ್ಮನೆ ನಾನೂ ಕೂತು ನೋಡಿದೆ, ನಾನೂ ತಡವರಿಸಿದೆ. ಮೇಡಂ ತಲೆ ಆಡಿಸಿದರು. ನೋಡಿ ರೂಢಿಯಿಲ್ಲದ ಜನರ ಮುಖಗಳು ಯಾರಿಗೂ ಒಂದೇ ಥರ ಕಾಣುತ್ತವೆ, ಇದರ ಮೇಲೆ ಒಂದು ಸಂಸಾರದ ತೀರ್ಮಾನ ನಿಲ್ಲಿಸಲಾಗದು ಅಂದರು.

"ನಮ್ಮ ಕಡೆಯ ಹೆಂಗಸರ ಫೋಟೋ ಇಟ್ಟು ನಾವೇ ಮಾಡಿದರೆ?" ಅಂದೆ. ಮಾಡಿ ಅಂದರು ಮೇಡಂ.

ನಮ್ಮ ಬೀದಿಯ ಹೆಂಗಸರಿಗೆ ಕಾರಣ ಹೇಳಿದೆ, ಹೆಸರುಗಳನ್ನು ಬಿಟ್ಟು. ಒಪ್ಪಿದವರನ್ನು ನಮ್ಮ ಹಿತ್ತಲ ಬಾಗಿಲ ಹತ್ತಿರ, ಬಿಳಿ ಬೆಡ್‌ಶೀಟಿನ ಮುಂದೆ ನಿಲ್ಲಿಸಿ ಫೋಟೋ ತೆಗೆದೆ. ಒಂದು ನೇರ, ಒಂದು ಅರ್ಧ ತಿರುಗಿದ್ದು, ಒಂದು ನಕ್ಕದ್ದು. ಒಂದೇ ಫೋಟೋವನ್ನು ಎರಡು ಸಲ ತೋರಿಸಬಾರದು, ಹಾಗೆ ಮಾಡಿದರೆ ಮುಖ ಗುರುತಿಸಿದಂತಲ್ಲ, ಚಿತ್ರ ಹೊಂದಿಸಿದಂತೆ ಎಂದು ಮೇಡಂ ಎಚ್ಚರಿಸಿದ್ದರು. ಕಂಪ್ಯೂಟರಿನಲ್ಲಿ ಮುಖದ ಸುತ್ತ ಕತ್ತರಿಸಿ, ಸಾಲಾಗಿ ಜೋಡಿಸಿ, ಹುಡುಗಿಯನ್ನು ಕರೆಸಿದೆವು.

ಅವಳು ಹೆಚ್ಚುಕಡಿಮೆ ಎಲ್ಲವನ್ನೂ ಸರಿ ಹೇಳಿದಳು.

ನನ್ನ ಹುಬ್ಬು ಏಳದಂತೆ ಹಿಡಿದುಕೊಂಡು ಕೂತದ್ದು ನೆನಪಿದೆ. ಪ್ರತಿ ಸರಿ ಉತ್ತರವೂ ಮೇಡಂ ಊಹೆಗೆ ಎದುರು ನಿಲ್ಲುತ್ತಿತ್ತು. ಅವಳಿಗೆ ಮಾತ್ರ ಖುಷಿ, ಪರೀಕ್ಷೆ ಪಾಸಾದರೆ ಮಗಳು ಸಿಗುತ್ತಾಳೆ ಅಂದುಕೊಂಡಿದ್ದಳು ಪಾಪ. ಏನಾಯಿತೆಂದು ಹೊರಗೆ ಅತ್ತೆ ಕೇಳಿದರು. ಮೇಡಂ ಸುಳ್ಳು ಹೇಳುವವರಲ್ಲ, ಇದ್ದದ್ದು ಹೇಳಿದರು.

"ಊರಾಗಿನ ಹೆಣ್ಮಕ್ಕಳ ಗುರ್ತೆಲ್ಲ ಸಿಗತೈತೆ. ಹೆತ್ತ ಕೂಸಿಂದು ಮಾತ್ರ ಇಲ್ಲ" ಅಂದರು ಅತ್ತೆ. ದನಿ ಏರಿಸಲಿಲ್ಲ, ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. "ಆತು ಬಿಡ್ರಿ ಮೇಡಮ್ಮಾರೆ. ಈಕಿ ಬ್ಯಾಗು ತುಂಬಸ್ತೀನಿ."

"ಇನ್ನೊಂದು ಸಲ ಅವಕಾಶ ಕೊಡಿ" ಅಂದರು ಮೇಡಂ. "ನಮ್ಮ ಕೆಲಸದಲ್ಲೇ ಏನೋ ತಪ್ಪಿದೆ."

"ದೀಪಾವಳಿ ಒಳಗೆ ಹೇಳಿಬಿಡ್ರಿ. ಹಬ್ಬಕ್ಕೆ ಬಂದೋರ ಮುಂದೆ ನಂಗೆ ಹಿಂಗೆ ನಿಲ್ಲಾಕೆ ಆಗಲ್ಲ."

ಗೇಟು ದಾಟುವಾಗ ಹುಡುಗಿ ತಿರುಗಿ ನೋಡಿದಳು. ಆಗಲೂ ಅದೇ ನಗು.

ಆಮೇಲಿನ ದಿನಗಳಲ್ಲಿ ನನ್ನ ಕೈಗೆ ಉಪ್ಪು, ಸಕ್ಕರೆ ಒಂದೇ ಆಗಿತ್ತು. ನಮ್ಮ ಯಜಮಾನರು ಉಪ್ಪಿಟ್ಟು ಬಾಯಿಗಿಟ್ಟು, "ಇವತ್ತು ಇದಕ್ಕೆ ಯಾವ ಪರೀಕ್ಷೆ?" ಅಂದರು. ಬೆಳಿಗ್ಗೆ ಕನ್ನಡಿ ಮುಂದೆ ಬೊಟ್ಟು ಇಟ್ಟುಕೊಳ್ಳುತ್ತ ಅವಳು ಉತ್ತರ ಹೇಳಿದ ರೀತಿಯನ್ನೇ ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ. ಎದುರು ಕೂತು ನೋಡಿದವಳು ನಾನೇ ತಾನೆ. ಅವಳ ಕಣ್ಣು ಫೋಟೋದ ಕಣ್ಣಿಗೆ ಹೋಗುತ್ತಿರಲಿಲ್ಲ. ಮೊದಲು ಹಣೆಗೆ, ಆಮೇಲೆ ಮೂಗಿನ ಬದಿಗೆ, ಅಲ್ಲಿಂದ ಕೆಳಕ್ಕೆ ಜಾರಿ ಎರಡೂ ಕೆನ್ನೆಯ ಅಂಚಿಗೆ. ಅಷ್ಟಾದ ಕೂಡಲೇ ಬೆರಳಿಡುತ್ತಿದ್ದಳು.

ಕನ್ನಡಿಯಲ್ಲಿ ನನ್ನ ಹಣೆಯ ಬೊಟ್ಟು ನೋಡುತ್ತ ನಿಂತೆ. ನಮ್ಮ ಎದುರು ಮನೆಯವರು ಉದ್ದನೆಯ ತಿಲಕ ಇಡುತ್ತಾರೆ. ಮೂಲೆಮನೆಯವರದು ಕುಂಕುಮದ ದೊಡ್ಡ ದುಂಡು, ಮೇಲೆ ವಿಭೂತಿ. ಒಬ್ಬರಿಗೆ ಮೂಗುತಿ ಬಲಕ್ಕೆ, ಒಬ್ಬರಿಗೆ ಎಡಕ್ಕೆ ಹರಳಿನದು. ಕಿವಿ ಕತ್ತರಿಸಿದ್ದೆನಾದರೂ ಜುಮಕಿಯ ತುದಿ ಕೆಲವರ ಕೆನ್ನೆಯ ಪಕ್ಕ ಉಳಿದಿತ್ತು. ಅವಳು ಯಾರ ಮುಖವನ್ನೂ ಗುರುತಿಸಿರಲಿಲ್ಲ. ಇಷ್ಟು ವರ್ಷ ಬದುಕಿಗೆ ಉಪಯೋಗಿಸಿದ ವಿದ್ಯೆಯನ್ನೇ ಅಲ್ಲೂ ಉಪಯೋಗಿಸಿದ್ದಳು.

ಒಲೆ ಮೇಲೆ ಹಾಲಿಟ್ಟದ್ದನ್ನು ಮರೆತು ಮೇಡಂ ಅವರಿಗೆ ಫೋನ್ ಮಾಡಿದೆ. ಹಾಲು ಉಕ್ಕಿತು.

"ಹಾಗಾದರೆ ಎಲ್ಲ ತೆಗೆಸಿ ಫೋಟೋ ತೆಗೀರಿ. ಬೊಟ್ಟು, ಮೂಗುತಿ, ಓಲೆ, ಎಲ್ಲ" ಅಂದರು ಮೇಡಂ.

ಹೇಳುವುದು ಸುಲಭ. ಮತ್ತೆ ಹಿತ್ತಲಲ್ಲಿ ಎಲ್ಲರನ್ನೂ ಸೇರಿಸಿ ವಿಷಯ ಹೇಳಿದ ಕೂಡಲೇ ಮೂಲೆಮನೆಯವರು ಎದ್ದು ಸೆರಗು ಸರಿಮಾಡಿಕೊಂಡರು.

"ಬೊಟ್ಟು ತೆಗೀಬೇಕಾ? ನಮ್ಮೆಜಮಾನ್ರು ಇನ್ನೂ ಗುಂಡ್ಕಲ್ಲು ಇದ್ದಂಗೆ ಅದಾರೆ ಕಣ್ರಿ."

"ಒಂದು ಕ್ಷಣ ಅಷ್ಟೆ" ಅಂದೆ.

"ಕ್ಷಣವೋ ಗಳಿಗೆಯೋ, ಫೋಟೋದಾಗೆ ಹಂಗೇ ಉಳೀತೈತಲ್ರಿ" ಅಂದರು ಎದುರು ಮನೆಯವರು. "ನಮ್ಮತ್ತೆ ಕಣ್ಣಿಗೆ ಬಿದ್ರೆ ನಂಗೇ ಹಾರ ಹಾಕಿ ಗೋಡೆಗೆ ತಗಲಾಕ್ತಾರೆ."

ಎಲ್ಲರೂ ನಕ್ಕರು. ನಗುತ್ತಲೇ ಚಪ್ಪಲಿ ಹಾಕಿಕೊಂಡರು. ಕಂಪ್ಯೂಟರಿನಲ್ಲಿ ಅಳಿಸಿದರಾಯಿತು ಎಂದು ಒಳಗೆ ಹೋಗಿ, ಮೊದಲು ನನ್ನದೇ ಒಂದು ಹಳೆಯ ಫೋಟೋ ತೆರೆದೆ. ಹಣೆಯ ಬೊಟ್ಟು ಅಳಿಸಲು ಹೋದರೆ ಬೆರಳು ಮುಂದಕ್ಕೆ ಹೋಗಲಿಲ್ಲ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದೇ ತಿಳಿದಿದ್ದೆ. ಪಕ್ಕದ ಕೋಣೆಯಲ್ಲಿ ಯಜಮಾನರು ಕೆಮ್ಮಿದರು, ಅಷ್ಟಕ್ಕೇ ಬೆಚ್ಚಿದೆ. ನನಗೇ ಆಗದ್ದನ್ನು ಬೇರೆಯವರಿಗೆ ಹೇಗೆ ಹೇಳಲಿ? ಅವರಿಗೆ ತಿಳಿಸದೆ ಅವರ ಹಣೆ ಹೇಗೆ ಅಳಿಸಲಿ?

ದೀಪಾವಳಿ ಹತ್ತಿರ ಬರುತ್ತಿತ್ತು. ಮಾರ್ಕೆಟ್ಟಿಗೆ ಹಣತೆ ತರಲು ಹೋಗಿದ್ದೆ. ಬಳೆ ಅಂಗಡಿಯ ಮುಂದೆ ಒಬ್ಬ ತಾಯಿ ಚಿಕ್ಕ ಅವಳಿ ಮಕ್ಕಳಿಬ್ಬರಿಗೂ ಒಂದೇ ಥರದ ಬೊಟ್ಟು ಅಂಟಿಸಿ ನೋಡುತ್ತಿದ್ದಳು. ಅಲ್ಲೇ ನಿಂತೆ. ತೆಗೆಯುವುದು ಯಾಕೆ? ಎಲ್ಲರೂ ಇಟ್ಟುಕೊಳ್ಳಲಿ, ಆದರೆ ಒಂದೇ. ವ್ಯತ್ಯಾಸ ಕಾಣಬಾರದು, ಅಷ್ಟೇ ತಾನೆ ಬೇಕಾದದ್ದು.

ಒಂದೇ ಗಾತ್ರದ ಕೆಂಪು ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ಟು ಕೊಂಡೆ. ಮೂಗಿಗೆ ಒತ್ತಿ ಹಾಕುವ, ಚುಚ್ಚಬೇಕಿಲ್ಲದ ಮೂಗುತಿ ಕೊಂಡೆ. ಮೂಗುತಿ ಎಡಕ್ಕಿದ್ದವರ ಫೋಟೋವನ್ನು ಕನ್ನಡಿಯ ಹಾಗೆ ತಿರುಗಿಸಿ ಎಲ್ಲರದೂ ಒಂದೇ ಬದಿಗೆ ಬರುವಂತೆ ಮಾಡಬಹುದು, ತಮ್ಮದೇ ಮೂಗುತಿಯ ಮೇಲೆ ಇದನ್ನೇ ಒತ್ತಿ ಮುಚ್ಚಬಹುದು. ಕೂದಲು, ಕಿವಿ ಮುಚ್ಚಲು ಮನೆಯಲ್ಲಿದ್ದ ಕಂದು ದುಪಟ್ಟಾ. ಮತ್ತೆ ಕರೆದೆ. ಈ ಸಲ ಎಲ್ಲರೂ ಬಂದರು. ಸಣ್ಣ ಬೊಟ್ಟು ನೋಡಿ ಮೂಲೆಮನೆಯವರು, "ಇದು ಬೊಟ್ಟಾ, ಸೊಳ್ಳೆ ಕಡಿದದ್ದಾ?" ಅಂದರು. ಆದರೂ ಕನ್ನಡಿ ಇಸಿದುಕೊಂಡು ನಡುವೆ ಸರಿಯಾಗಿ ಅಂಟಿಸಿಕೊಂಡರು. ದುಪಟ್ಟಾ ಒಬ್ಬರಿಂದ ಒಬ್ಬರಿಗೆ ದಾಟಿತು. ಒಂದು ಮುಖ ಕಡಿಮೆ ಬಿದ್ದದ್ದರಿಂದ ನನ್ನ ಫೋಟೋವನ್ನೂ ತೆಗೆದು ಸೇರಿಸಿದೆವು.

ಹೊಸ ಸಾಲು ಸಿದ್ಧವಾದ ಮೇಲೆ ಮೇಡಂ ಇನ್ನೊಂದು ಷರತ್ತು ಹಾಕಿದರು. ಇವಳು ತಪ್ಪಿದಳೆಂದರೆ ಸಾಲದು, ಇವಳ ವಯಸ್ಸಿನ, ಇವಳ ಕಡೆಯ ಬೇರೆ ಹೆಣ್ಣುಮಕ್ಕಳು ತಪ್ಪುವುದಿಲ್ಲವೆಂದೂ ತೋರಿಸಬೇಕು. ಲ್ಯಾಪ್‌ಟಾಪ್ ಹಿಡಿದು ಹರಿಹರದ ಬಸ್ಸು ಹತ್ತಿದೆ. ಪರಿಚಯದವರೊಬ್ಬರ ಹೊಲಿಗೆ ತರಗತಿಯಲ್ಲಿ, ಕತ್ತರಿಸಿದ ಬಟ್ಟೆ ಚೂರುಗಳ ನಡುವೆ ಒಬ್ಬೊಬ್ಬರನ್ನೇ ಕೂರಿಸಿ ಪರೀಕ್ಷೆ ಮಾಡಿದೆ. ಅವರಿಗೆ ಅದು ಆಟ. "ಈಯಮ್ಮ ಸಿಟ್ಟಿನಾಕಿ", "ಇವ್ರು ಆಗ್ಲೇ ಬಂದಿದ್ರಲ್ರಿ, ಗಲ್ಲ ದುಂಡಗಿರೋರು" ಅನ್ನುತ್ತ ಬೆರಳಿಟ್ಟರು. ಒಬ್ಬಳು ಒಂದನ್ನೂ ತಪ್ಪಲಿಲ್ಲ, ಮುಗಿದ ಮೇಲೂ ಇನ್ನೂ ಇದ್ದರೆ ತೋರಿಸ್ರಿ ಅಂದಳು. ಒಬ್ಬಳು ಕೆಲವು ತಪ್ಪಿ ನಾಲಿಗೆ ಕಚ್ಚಿಕೊಂಡಳು. ಉಳಿದವರೆಲ್ಲ ನಡುವೆ. ಒಂದೇ ಕೋಣೆಯಲ್ಲಿ, ಒಂದೇ ರವಿಕೆ ಹೊಲಿಯುವ ಹುಡುಗಿಯರಲ್ಲೇ ಇಷ್ಟು ವ್ಯತ್ಯಾಸ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಪ್ರತಿಯೊಬ್ಬರ ಮುಖ ನೋಡುತ್ತ ಕೂತಿದ್ದೆ. ಒಳಗೆ ಏನೇನು ಬೇರೆ ಬೇರೆ ಇದೆಯೋ, ಟಿಕೆಟ್ಟು ಮಾತ್ರ ಎಲ್ಲರಿಗೂ ಒಂದೇ ಅನ್ನಿಸಿತು.

ಕೊನೆಗೆ ಸಾರಥಿಯ ಹುಡುಗಿಯ ಸರದಿ ಬಂತು.

ಹೊಸ ಸಾಲು ತೆರೆದೆ. ಅವಳ ಕಣ್ಣು ಹಣೆಗೆ ಹೋಯಿತು, ಮೂಗಿಗೆ ಹೋಯಿತು, ಕೆನ್ನೆಯ ಬದಿಗೆ ಜಾರಿತು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಹಣೆಗೆ ಬಂತು. ಬೆರಳು ಪರದೆಯ ಮುಂದೆ ಎತ್ತಿದ್ದು ಎತ್ತಿದ ಹಾಗೇ ನಿಂತಿತು. ಸುಮ್ಮನೆ ಒಂದಕ್ಕೆ ಇಟ್ಟಳು. ಮುಂದಿನದು. ಮುಂದಿನದು. ಮೇಲ್ದುಟಿಯ ಮೇಲೆ ಬೆವರು ಕಾಣಿಸಿಕೊಂಡಿತು.

"ಎಲ್ಲಾ ಒಬ್ರೇ ಅದಾರಲ್ರಿ ಅಕ್ಕಾ."

ನಾನು ಉತ್ತರಿಸುವ ಹಾಗಿಲ್ಲ. ಅವಳ ಕೈಯಿಂದ ಊರುಗೋಲು ಕಿತ್ತುಕೊಂಡು ನಡಿ ಅಂದಂತೆ ಆಗಿತ್ತು ನನಗೆ. ಆಮೇಲೆ ನನ್ನದೇ ಫೋಟೋ ಬಂತು. ಅವಳ ಮೊಣಕೈ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತಿದ್ದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು, ದಾಟಿಸಿದಳು. ಮೂವರಲ್ಲಿ ಒಬ್ಬರನ್ನು ಆರಿಸುವಾಗ ಎದುರು ಮನೆಯವರ ಮೇಲೆ ಬೆರಳಿಟ್ಟಳು.

ಎಲ್ಲ ಮುಗಿದ ಮೇಲೆ ಮೇಡಂ ಅವರ ಅನುಮತಿ ಕೇಳಿ ನನ್ನ ಫೋಟೋವನ್ನು ಮತ್ತೆ ತೆರೆದೆ. "ಇದು ನಾನು" ಅಂದೆ.

ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಒಂದೊಂದೇ ಭಾಗ ಹೋಲಿಸುತ್ತಿದ್ದದ್ದು ತಿಳಿಯುತ್ತಿತ್ತು.

"ಅದು ಮಾತಾಡಿದ್ರೆ ಗೊತ್ತಾಗ್ತಿತ್ರಿ" ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಫೇಲ್ ಆದ್ನಾ? ಸಾರಥಿಗೆ ಕಳಸ್ತಾರಾ?"

ಫೇಲ್ ಆದದ್ದೇ ಒಳ್ಳೆಯದಾಯಿತು ಎಂದು ಅವಳಿಗೆ ಹೇಗೆ ಹೇಳುವುದೋ ತಿಳಿಯಲಿಲ್ಲ. ಒಳ್ಳೆಯದಾಗುತ್ತದೆಂದು ನನಗೂ ಖಾತ್ರಿ ಇರಲಿಲ್ಲ. ಹುಟ್ಟಿನಿಂದ ಬಂದದ್ದು, ಮದ್ದಿಲ್ಲದ್ದು ಎಂಬ ಮಾತು ಮದುವೆಯಾಗಿ ಬಂದ ಮನೆಯಲ್ಲಿ ಹೇಗೆ ಕೇಳಿಸುತ್ತದೆ ಎನ್ನುವುದು ಗೊತ್ತಿದ್ದವಳು ನಾನು.

ಹಾಗೇ ಆಯಿತು. ಮೇಡಂ ಅತ್ತೆಯನ್ನು, ಗಂಡನನ್ನು ಕೂರಿಸಿ ಎರಡೂ ಸಾಲು ತೋರಿಸಿ ವಿವರಿಸಿದರು. ಹೊಲಿಗೆ ತರಗತಿಯವರು ಹೇಗೆ ಮಾಡಿದರು, ಇವಳು ಹೇಗೆ ಮಾಡಿದಳು ಎಂಬುದನ್ನೂ ಹೇಳಿದರು. ಗಂಡ ಮುಂದಕ್ಕೆ ಬಾಗಿ ಕೇಳಿದ. ಅತ್ತೆ 'ಹುಟ್ಟಿನಿಂದ' ಎಂಬ ಕಡೆಯ ಮಾತನ್ನಷ್ಟೇ ಹಿಡಿದರು.

"ಹಂಗಾರೆ ಹುಟ್ಟಿದಾಗ್ಲಿಂದ ಐತೆ. ನಮ್ಗೆ ಹೇಳ್ದೆ ಕೊಟ್ರು."

"ಅವರಿಗೂ ಗೊತ್ತಿರಲಿಲ್ಲ. ಅವಳಿಗೇ ಗೊತ್ತಿರಲಿಲ್ಲ."

"ತಾಯಾದಾಕಿಗೆ ಕೂಸಿನ ಮುಖ ಮನಸ್ನಾಗೆ ಕುಂತಿಲ್ಲ ಅಂದ್ರೆ, ಆ ಪ್ರೀತಿ ಎಲ್ಲಿ ಕುಂತಿರತೈತ್ರಿ?"

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಣ್ಣು ಮುಚ್ಚಿ ನಿಮ್ಮ ತಾಯಿಯನ್ನ ನೆನೆಸಿಕೊಳ್ಳಿ" ಅಂದರು. "ಮುಖ ಕಾಣುತ್ತಾ?"

ಅತ್ತೆ ಕಣ್ಣು ಮುಚ್ಚಿದರು. "ಕಾಣಸ್ದೇ ಏನ್ರಿ. ರೊಟ್ಟಿ ಬಡೀತಾ ಕುಂತಂಗೈತೆ. ಹಣಿ ಮ್ಯಾಲಿನ ಬೆವರು ಸೈತ."

"ನನಗೆ ಕಾಣುವುದಿಲ್ಲ. ಕಣ್ಣು ಮುಚ್ಚಿದರೆ ಬರೀ ಕತ್ತಲು. ನನ್ನ ತಾಯಿಯದೂ ಇಲ್ಲ, ಮಕ್ಕಳದೂ ಇಲ್ಲ, ಯಾರದೂ ಇಲ್ಲ. ಎದುರಿಗೆ ಬಂದರೆ ಗುರುತು ಸಿಗುತ್ತದೆ, ಕಣ್ಣು ಮುಚ್ಚಿದರೆ ಚಿತ್ರ ಬರುವುದಿಲ್ಲ. ಕೆಲವರ ಮಿದುಳು ಹಾಗೆ. ನನಗೂ ಇದು ಕಾಲೇಜಿಗೆ ಹೋದ ಮೇಲೆ ತಿಳಿದದ್ದು."

ಇದು ನನಗೂ ಗೊತ್ತಿರಲಿಲ್ಲ. ಅತ್ತೆ ಕಣ್ಣು ತೆರೆದು ಮೇಡಂ ಅವರನ್ನು ಹೊಸದಾಗಿ ನೋಡುವಂತೆ ನೋಡಿದರು.

"ತಾಯಿ ಅದಾರಾ?"

"ಇಲ್ಲ. ತೀರಿಕೊಂಡರು."

"ಅಯ್ಯ ನಮ್ಮವ್ವ. ಮತ್ತೆ ನೆನಪಾದ್ರೆ ಏನ್ ಮಾಡ್ತೀರಿ?"

"ಮುಖ ಕಾಣುವುದಿಲ್ಲ ಅಷ್ಟೆ. ಅವರು ತಲೆಗೆ ಎಣ್ಣೆ ಹಚ್ಚುತ್ತಿದ್ದದ್ದು ಮರೆತಿಲ್ಲ."

ಅತ್ತೆ ಏಳುವ ಮುಂಚೆ ಸೊಸೆಯ ಕಡೆ ನೋಡದೆ ಹೇಳಿದರು. "ಕೂಸು ಬರ್ಲಿ. ಆದ್ರೆ ಗೇಟಿನ ಹತ್ರ ನಾನೂ ನಿಂತ್ಕಂಡು ನೋಡ್ತೀನಿ. ಇನ್ನೊಂದ್ ಸಲ ಹಂಗಾತು ಅಂದ್ರೆ ಮತ್ತೆ ಮಾತಿಲ್ಲ."

ಮೇಡಂ ಹುಡುಗಿಗೆ ಕೆಲವು ಉಪಾಯ ಹೇಳಿಕೊಟ್ಟರು. ರಿಬ್ಬನ್ನನ್ನೇ ನೆಚ್ಚಬೇಡ. ಮಗು ಮಾತಾಡುವವರೆಗೂ ಕೈ ಹಿಡಿಯಬೇಡ. ಟೀಚರಿಗೂ ಉಳಿದ ತಾಯಂದಿರಿಗೂ ವಿಷಯ ಹೇಳಿಬಿಡು. ಕೊನೆಯದಕ್ಕೆ ಮಾತ್ರ ಅವಳು ತಲೆಯಾಡಿಸಲಿಲ್ಲ. "ಬ್ಯಾಡ್ರಿ. ಮೊದ್ಲೇ ಕಳ್ಳಿ ಅಂತಾರೆ. ಹುಚ್ಚ್ ಕಳ್ಳಿ ಅಂತಾರೆ" ಅಂದಳು.

ಹಬ್ಬ ಮುಗಿದು ಶಾಲೆ ತೆರೆದ ದಿನ ಮೇಡಂ ನನ್ನನ್ನು ಹರಿಹರಕ್ಕೆ ಕಳಿಸಿದರು. ಮಗುವನ್ನು ನಾದಿನಿ ಬೆಳಿಗ್ಗೆ ದಾವಣಗೆರೆಯಿಂದ ನೇರವಾಗಿ ಶಾಲೆಗೇ ತಂದು ಬಿಟ್ಟಿದ್ದಳು. ತಾಯಿ ನೋಡುವುದು ಮಧ್ಯಾಹ್ನ ಗೇಟಿನಲ್ಲೇ. ಗೇಟಿನ ಎದುರು ಬೇಕರಿಯ ಕಟ್ಟೆಯ ಹತ್ತಿರ ಅತ್ತೆಯೂ ನಾನೂ ನಿಂತೆವು. ಹುಡುಗಿ ತಾಯಂದಿರ ಗುಂಪಿನ ಅಂಚಿನಲ್ಲಿ ಒಬ್ಬಳೇ ನಿಂತಿದ್ದಳು. ಅವಳ ಸುತ್ತ ಒಂದು ಮೊಳ ಜಾಗ ಖಾಲಿ ಬಿಟ್ಟಿದ್ದರು.

ಗಂಟೆ ಹೊಡೆಯಿತು. ಒಂದೇ ಚೌಕುಳಿ ಅಂಗಿಯ ಮಕ್ಕಳು ಹೊರಗೆ ಸುರಿದರು. ಅತ್ತೆ ನನ್ನ ಪಕ್ಕದಲ್ಲಿ ಉಸಿರೆಳೆದರು.

"ಶಿವನೇ. ನನ್ ಮಗಳು ಕೂಸಿನ ಕೂದ್ಲು ಕತ್ತರಿಸ್ಯಾಳೆ."

ಕುತ್ತಿಗೆಯವರೆಗೆ ಬಾಬ್ ಮಾಡಿದ ಕೂದಲು, ಬೆನ್ನಿಗೆ ಸೋದರತ್ತೆ ಕೊಡಿಸಿದ ಹೊಸ ಬ್ಯಾಗು. ಮಗು ನೇರವಾಗಿ ಬಂದು ತಾಯಿಯ ಎದುರು ನಿಂತಿತು. ಒಂದು ಮಾತೂ ಆಡಲಿಲ್ಲ. ತುಟಿ ಬಿಗಿಹಿಡಿದು, ತಲೆ ತಗ್ಗಿಸಿ ನಿಂತಿತ್ತು. ಇಷ್ಟು ದಿನ ಬಿಟ್ಟಿದ್ದಕ್ಕೆ ಮುನಿಸು. ಹುಡುಗಿ ಆ ಮಗುವನ್ನು ನೋಡಿದಳು, ಪಕ್ಕದಲ್ಲಿ ಅಷ್ಟೇ ಎತ್ತರದ, ಅಷ್ಟೇ ಕೂದಲಿನ ಇನ್ನೊಂದನ್ನು ನೋಡಿದಳು. ಅವಳ ಕೈ ಮೇಲೆದ್ದಿತು, ಅರ್ಧದಲ್ಲಿ ನಿಂತಿತು.

"ಹೇಳಿ ಬರ್ತೀನಿ" ಎಂದು ಅತ್ತೆ ಹೊರಟರು. ನಾನು ಅವರ ಮುಂಗೈ ಹಿಡಿದೆ. ಜೀವಮಾನದಲ್ಲಿ ಹಿರಿಯರ ಕೈ ಹಾಗೆ ಹಿಡಿದವಳಲ್ಲ.

"ಸ್ವಲ್ಪ ತಡೀರಿ" ಅಂದೆ.

"ಕೂಸು ಎದುರಿಗೇ ಐತಲ್ರಿ."

"ನಾಳೆ ನಾವಿಬ್ಬರೂ ಇಲ್ಲಿ ಇರುವುದಿಲ್ಲ. ತಡೀರಿ."

ಅವರ ಬಳೆ ನನ್ನ ಬೆರಳಿಗೆ ಒತ್ತುತ್ತಿತ್ತು. ಗುಂಪು ಕರಗುತ್ತಿತ್ತು. ಗೋಕುಲಾಷ್ಟಮಿಯ ದಿನ ಕಿರುಚಿದ ತಾಯಿ ಎಂದು ಅತ್ತೆ ಆಗಲೇ ನನಗೆ ತೋರಿಸಿದ್ದ ಹೆಂಗಸು ತನ್ನ ಮಗನನ್ನು ಎಡಗಡೆಯಿಂದ ಬಲಗಡೆಗೆ ದಾಟಿಸಿಕೊಂಡಳು. ಅದನ್ನು ಹುಡುಗಿಯೂ ನೋಡಿದಳು. ಕೈ ಕೆಳಗಿಳಿಸಿದಳು. ಆಮೇಲೆ, ಎಲ್ಲರಿಗೂ ಕೇಳುವಂತೆ ಅಂದಳು.

"ಪುಟ್ಟಿ, ನಂಗೆ ಮುಖದ ಗುರ್ತು ಸಿಗಲ್ಲ. ಯಾರ್ದೂ ಸಿಗಲ್ಲ. ಇವ್ರಿಗೆಲ್ಲ ಗೊತ್ತಾಗ್ಲಿ ಬಿಡು. ಇದ್ರಾಗೆ ನೀನು ಯಾವಾಕಿ? ಮಾತಾಡವ್ವ."

ತಾಯಂದಿರು ನಿಂತಲ್ಲೇ ನಿಂತರು. ಯಾರೂ ನಗಲಿಲ್ಲ. ಮುನಿದ ಮಗು ಕಾಲಿನಿಂದ ಮಣ್ಣು ಕೆರೆಯಿತು.

"ನಾನು ಮಾತ್ ಬಿಟ್ಟೀನಿ ನಿನ್ ಕೂಡ" ಅಂದಿತು.

ಆ ದನಿ ಕೇಳಿದ ಕೂಡಲೇ ಹುಡುಗಿ ಅಲ್ಲೇ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಗುವನ್ನು ಎಳೆದುಕೊಂಡಳು. ಕತ್ತರಿಸಿದ ಕೂದಲಿನ ಮೇಲೆ ಅವಳ ಕೈ ಹೊಸ ದಾರಿ ಹುಡುಕುವಂತೆ ಓಡಾಡುತ್ತಿತ್ತು.

ಅತ್ತೆ ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡು ರಸ್ತೆ ದಾಟಿದರು. ನಾನು ಹಿಂದೆಯೇ ಹೋದೆ, ಏನನ್ನುತ್ತಾರೋ ಎಂಬ ಹೆದರಿಕೆಯಿಂದ. ಊರಿನವರ ಮುಂದೆ ಮನೆಯ ಮಾತು ಹೊರಬಿದ್ದಿತ್ತು. ಅವರು ಮಗುವಿನ ಬೆನ್ನಿನಿಂದ ಹೊಸ ಬ್ಯಾಗು ಬಿಚ್ಚಿ ತಮ್ಮ ಹೆಗಲಿಗೆ ಹಾಕಿಕೊಂಡರು. ನಿಂತು ನೋಡುತ್ತಿದ್ದ ಹೆಂಗಸರನ್ನು ಒಂದು ಸುತ್ತು ನೋಡಿದರು.

"ಕೇಳಿಸ್ಕಂಡ್ರಲ್ಲ? ನಮ್ ಸೊಸಿ ಎದುರಿಗೆ ಬಂದಾಗ ನೀವೇ ಮಾತಾಡಸ್ರಿ. ಆಮೇಲೆ ಧಿಮಾಕು ಅನ್ನಬ್ಯಾಡ್ರಿ."

ಆಮೇಲೆ ಸೊಸೆಯ ಕಡೆ ತಿರುಗಿದರು.

"ನಾಳಿಂದ ನೀನೇ ಬಂದು ಕರ್ಕಂಡ್ ಬಾರವ್ವ. ಈ ಬಿಸ್ಲಾಗೆ ನಂಗೆ ನಿಲ್ಲಾಕೆ ಆಗಲ್ಲ."

ಆವತ್ತು ಬೆಳಗಿನಿಂದ ಸೂರ್ಯನೇ ಕಂಡಿರಲಿಲ್ಲ.